ಪಂಚನಾಮೆಗೆ ಸಿಗದ ದುಃಖ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆಯವರು ನನಗೆ ‘ಮನಸ್ಸಿನ ಆರೋಗ್ಯ’ ಎಂಬ ವಿಷಯ ಕೊಟ್ಟರು. ನಿದ್ದೆ, ಚಿಂತೆ, ಪ್ರಾಣಾಯಾಮ ಎಂದು ಮುಕ್ಕಾಲು ಗಂಟೆ ಮಾತಾಡಿ ಶಾಲು ಹೊದ್ದು ಹೋಗಬಹುದಿತ್ತು. ಆದರೆ ಸೊನ್ನದಲ್ಲಿ ನಿಂತು, ಭೀಮಾ ನದಿಯ ಬ್ಯಾರೇಜು ಇಷ್ಟು ಹತ್ತಿರ ಇರುವಾಗ, ಮನಸ್ಸನ್ನು ಹೊಳೆಯಿಂದ ಬೇರೆ ಮಾಡಿ ಮಾತಾಡುವುದು ಸರಿಯಲ್ಲ ಅನ್ನಿಸಿತು. ಜೇವರ್ಗಿ ಕಡೆಯಿಂದ ಬಂದವರು ಬೇಸರ ಮಾಡಿಕೊಳ್ಳಬಾರದು. ಅವರಿಗೂ ಒಂದು ಸೊನ್ನ ಇದೆ, ಅದಕ್ಕೊಂದು ವಿರಕ್ತ ಮಠವೂ ಇದೆ. ನಾನು ಈವತ್ತು ಮಾತಾಡುವುದು ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಸೊನ್ನವನ್ನು ಕಣ್ಣೆದುರು ಇಟ್ಟುಕೊಂಡು.

ಮೊದಲು ಒಂದು ದರಪಟ್ಟಿ. 2022ರಿಂದ 2026ರ ಅವಧಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ವಿಪತ್ತು ಪರಿಹಾರದ ಮಾನದಂಡ ಹೀಗಿತ್ತು: ಮನುಷ್ಯ ಸತ್ತರೆ 4 ಲಕ್ಷ ರೂಪಾಯಿ. ಹಾಲು ಕೊಡುವ ಎಮ್ಮೆ, ಆಕಳಿಗೆ 37,500. ಆಡು, ಕುರಿಗೆ 4,000. ಕೋಳಿಗೆ 100. ಮಳೆ ನಂಬಿದ ಹೊಲದ ಬೆಳೆ ಹೋದರೆ ಹೆಕ್ಟೇರಿಗೆ 8,500, ಅದೂ 2 ಹೆಕ್ಟೇರ್ ಮಿತಿಯೊಳಗೆ. 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಉಕ್ಕಿದಾಗ ಮುಖ್ಯಮಂತ್ರಿಗಳು ಕಲಬುರಗಿಗೆ ಬಂದು, ಇದರ ಮೇಲೆ ರಾಜ್ಯದಿಂದ ಹೆಕ್ಟೇರಿಗೆ ಇನ್ನೊಂದು 8,500 ಕೊಡುವುದಾಗಿ ಹೇಳಿದರು. ಈ ಪಟ್ಟಿಯನ್ನು ನಾನು ಹೀಗಳೆಯುವುದಿಲ್ಲ. ನೀರು ಇಳಿದ ಮರುದಿನ ಇದೇ ಪಟ್ಟಿಯ ಮೇಲೆ ಬೀಜ, ಗೊಬ್ಬರ, ಮಕ್ಕಳ ಫೀಸು ಎಲ್ಲ ನಿಂತಿರುತ್ತದೆ. ಗ್ರಾಮ ಆಡಳಿತಾಧಿಕಾರಿಗಳು ಕೆಸರಿನಲ್ಲಿ ಓಡಾಡಿ ಪಂಚನಾಮೆ ಬರೆಯುವುದು ಸಣ್ಣ ಕೆಲಸವಲ್ಲ.

ನನ್ನ ಮಾತು ಇರುವುದು ಪಟ್ಟಿಯಲ್ಲಿ ಕಲಮು ಇಲ್ಲದವರ ಬಗ್ಗೆ. ಹೊಲವನ್ನು ಪಾಲಿಗೆ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆಳೆ ಅವನದು ಕೊಚ್ಚಿಹೋಯಿತು, ಪರಿಹಾರ ಬಂದದ್ದು ಪುಣೆಯಲ್ಲಿರುವ ಮಾಲೀಕನ ಖಾತೆಗೆ. ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುವ ಹೆಣ್ಣಾಳಿಗೆ ಆ ಹಂಗಾಮಿನ ಕೂಲಿಯೇ ಹೋಯಿತು. ಅದಕ್ಕೆ ಪಂಚರು ಯಾರು? ಗಂಡನ ಹೆಸರಿನ ಹೊಲದಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು ಸರ್ಕಾರದ ಕಾಗದದಲ್ಲಿ ರೈತಳೇ ಅಲ್ಲ. ನೀರಿನಲ್ಲಿ ಹೋದ ಟ್ರಂಕು, ಅದರೊಳಗಿನ ಮಗಳ ಮದುವೆ ಸೀರೆ, ಸತ್ತ ಮಗನ ಒಂದೇ ಒಂದು ಫೋಟೊ, ಇವುಗಳಿಗೆ ದರವೇ ಇಲ್ಲ, ಇರುವುದೂ ಬೇಡ. ಆದರೆ ಹಾಗೆ ಬಿಟ್ಟುಹೋದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಗೆ ಬರುತ್ತದೆ. ತಲೆಭಾರ, ಎದೆ ಡವಡವ, ಕೈಕಾಲು ಜೋಮು, ನಿದ್ದಿ ಇಲ್ಲ. ನಮ್ಮಂಥ ಆಪ್ತಸಮಾಲೋಚಕರ ಎದುರಿನ ಕುರ್ಚಿಗೆ ದುಃಖ ಬರುವುದು ಈ ವೇಷದಲ್ಲಿ.

ಆಗ ನಾವು ಏನು ಮಾಡಬೇಕು ಎನ್ನುವುದೇ ಈ ಉಪನ್ಯಾಸ. ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ: ಒಂದು ಊರಿಗೆ ಊರೇ ದುಃಖದಲ್ಲಿರುವಾಗ, ಆ ದುಃಖದಲ್ಲಿ ಯಾರದು ಲೆಕ್ಕಕ್ಕೆ ಬಂತು, ಯಾರದು ಬರಲಿಲ್ಲ ಎಂದು ಕೇಳದ ಮನೋಚಿಕಿತ್ಸೆ ಅರ್ಧ ಚಿಕಿತ್ಸೆ. ಕೆಲವು ಸಲ ಅದು ಅನ್ಯಾಯದ ಕೈಗೆ ಮುಲಾಮು ಕೊಟ್ಟಂತೆಯೂ ಆಗುತ್ತದೆ.

ಮುಂದೆ ನಾನು ಹೇಳುವ ಮನೆಮಾತಿನ ಸಂಗತಿಗಳು ಯಾರೋ ಒಬ್ಬರ ಕತೆಯಲ್ಲ. ಹಲವರ ಮಾತು ಕೂಡಿಸಿ, ಊರು–ಹೆಸರು ತೆಗೆದು ಹೇಳುತ್ತಿದ್ದೇನೆ. ಯಾರೂ ಪಕ್ಕದವರ ಮುಖ ನೋಡಬೇಕಿಲ್ಲ.

ನಮ್ಮ ನಾಡಿನಲ್ಲಿ ಸಾಮೂಹಿಕ ದುಃಖಕ್ಕೆ ವೈದ್ಯರು ಮೊದಲು ಮುಖಾಮುಖಿಯಾದದ್ದು ಹೊಳೆಯ ಕಾರಣಕ್ಕಲ್ಲ, ಬೆಂಕಿಯ ಕಾರಣಕ್ಕೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. ನಿಮ್ಹಾನ್ಸ್‌ನವರು ಆ ಮನೆಗಳ ಬಂಧುಗಳನ್ನು ಕಂಡು ಅವರ ಶೋಕವನ್ನು ಅಧ್ಯಯನ ಮಾಡಿದರು. ವಿಪತ್ತಿನ ನಂತರದ ಮನಸ್ಸನ್ನು ಭಾರತದಲ್ಲಿ ಕ್ರಮವಾಗಿ ನೋಡಿದ ಮೊದಮೊದಲ ಕೆಲಸಗಳಲ್ಲಿ ಅದೊಂದು. ಮೂರು ವರ್ಷದ ಮೇಲೆ ಭೋಪಾಲದ ಅನಿಲ ದುರಂತ. ಅಲ್ಲಿಯೂ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿಯವರು ಸಾಮಾನ್ಯ ವೈದ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದರು. ಅದೇ ಹೊತ್ತಿಗೆ, ನಮ್ಮ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ, ಮನೋರೋಗಕ್ಕೆ ದೊಡ್ಡಾಸ್ಪತ್ರೆಯೇ ಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯೇ ನೋಡಬಹುದು ಎಂಬ ಪ್ರಯೋಗ ನಡೆಯಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಈಗ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಅದರದೇ ಕುಡಿ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುವ ಟೆಲಿಮಾನಸ್ 2022ರ ಅಕ್ಟೋಬರ್ 10ರಿಂದ ಇದೆ. ಹಿಂದುಳಿದ ಭಾಗದವರು ನಾವು ಎನ್ನುವ ಅಳಲಿನ ನಡುವೆ ಒಮ್ಮೆ ಇದನ್ನೂ ನೆನೆಯಬೇಕು: ದೇಶಕ್ಕೆ ದಾರಿ ತೋರಿಸಿದ ಪ್ರಯೋಗ ಇದೇ ಕಪ್ಪು ಮಣ್ಣಿನಲ್ಲಿ ಆಯಿತು.

ಆದರೆ ಬಳ್ಳಾರಿ ಮಾದರಿಯ ಮುಂದಿದ್ದ ಪ್ರಶ್ನೆ ಔಷಧಿ ಮತ್ತು ವೈದ್ಯ ಹಳ್ಳಿಗೆ ತಲುಪುವುದು ಹೇಗೆ ಎಂಬುದು. ಅದು ದೊಡ್ಡ ಪ್ರಶ್ನೆಯೇ. ತಲುಪಿದ ಮೇಲೆ ಯಾವ ಓಣಿಗೆ ತಲುಪಿತು, ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ಇದೆ. 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಪತ್ತಿನಲ್ಲಿ ಮಾನಸಿಕ–ಸಾಮಾಜಿಕ ನೆರವು ಹೇಗಿರಬೇಕು ಎಂದು ಒಂದು ಮಾರ್ಗಸೂಚಿ ತಂದಿತು. ಅದೇ ಅಕ್ಟೋಬರಿನಲ್ಲಷ್ಟೇ ಉತ್ತರ ಕರ್ನಾಟಕ ಕಂಡರಿಯದ ನೆರೆಯಲ್ಲಿ ಮುಳುಗಿ ಎದ್ದಿತ್ತು. ಆಮೇಲೆ ‘ಆಸರೆ’ ಮನೆಗಳು ಬಂದವು. ಹೊಳೆದಂಡೆಯ ಊರುಗಳನ್ನು ಎತ್ತರಕ್ಕೆ ಸಾಗಿಸಿದರು. ಹಳೇ ಊರಿನಲ್ಲಿ ಕೇರಿ ಎಲ್ಲಿತ್ತು, ಹೊಸ ಊರಿನಲ್ಲಿ ಎಲ್ಲಿಗೆ ಬಂತು, ಯಾರ ಮನೆ ಯಾರ ಮನೆಯ ಪಕ್ಕ ಬರಬಾರದೆಂದು ಯಾರು ಹಟ ಹಿಡಿದರು, ಮನೆ ಸಿಕ್ಕರೂ ಯಾರು ಹಳೇ ಊರಿಗೇ ತಿರುಗಿ ಹೋದರು ಎಂಬುದು ಈ ದಂಡೆಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ಮನೆ ಕೊಟ್ಟ ಮೇಲೂ ಮನಸ್ಸು ಹಳೇ ಮನೆಯಲ್ಲೇ ಇದೆ ಎನ್ನುವವರನ್ನು ‘ಹೊಂದಿಕೊಳ್ಳಲಾರದವರು’ ಎಂದು ಬರೆದುಬಿಡುವುದು ಸುಲಭ. ಆ ಹೊಸ ಮನೆಯಿಂದ ಹೊಲಕ್ಕೆ ಎಷ್ಟು ದೂರ, ಸ್ಮಶಾನಕ್ಕೆ ಎಷ್ಟು ದೂರ, ನೀರಿನ ನಲ್ಲಿ ಯಾರ ಓಣಿಯಲ್ಲಿದೆ ಎಂದು ಕೇಳಿದರೆ ಬರೆಯುವ ಪದವೇ ಬದಲಾಗುತ್ತದೆ.

ಇದನ್ನು ಜಗತ್ತಿನಲ್ಲಿ ಬೇರೆಯವರೂ ಯೋಚಿಸಿದ್ದಾರೆ. ಫ್ರಾಂಟ್ಜ್ ಫ್ಯಾನನ್ ಎಂಬ ಮನೋವೈದ್ಯ 1953ರಿಂದ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿದ್ದ. ಫ್ರೆಂಚ್ ಆಳ್ವಿಕೆಯೇ ಜನರ ಮನಸ್ಸನ್ನು ಮುರಿಯುತ್ತಿರುವಾಗ ಒಳಗೆ ಕೂತು ಮದ್ದು ಕೊಡುವುದರಲ್ಲಿ ಅರ್ಥವಿಲ್ಲ ಎಂದು 1956ರಲ್ಲಿ ರಾಜೀನಾಮೆ ಕೊಟ್ಟ. ಎಲ್ ಸಾಲ್ವಡೋರಿನ ಇಗ್ನಾಸಿಯೊ ಮಾರ್ಟಿನ್ ಬಾರೋ ಕ್ರೈಸ್ತ ಪಾದ್ರಿ, ಮನಶ್ಶಾಸ್ತ್ರಜ್ಞ. ಬಡವರ ಕಣ್ಣಿನಿಂದ ಮನಶ್ಶಾಸ್ತ್ರವನ್ನು ಮತ್ತೆ ಕಟ್ಟಬೇಕೆಂದವನು. 1989ರ ನವೆಂಬರ್ 16ರಂದು ಸೈನಿಕರು ಅವನನ್ನೂ ಅವನ ಸಂಗಡಿಗರನ್ನೂ ವಿಶ್ವವಿದ್ಯಾಲಯದ ಅಂಗಳದಲ್ಲೇ ಕೊಂದರು. ನಾವು ಯಾರೂ ರಾಜೀನಾಮೆ ಕೊಡಬೇಕಿಲ್ಲ. ಕಲಬುರಗಿ ಜಿಲ್ಲೆಗೆ ಇರುವುದೇ ಬೆರಳೆಣಿಕೆಯ ಮನೋವೈದ್ಯರು, ಅವರೂ ಹೋದರೆ ನಮ್ಮ ಗತಿ ಏನು! ಇವರಿಂದ ನಾನು ತೆಗೆದುಕೊಳ್ಳುವುದು ಇಷ್ಟೇ: ರೋಗಿಯನ್ನು ಅವಳ ಪರಿಸ್ಥಿತಿಗೆ ಒಗ್ಗಿಸುವುದೇ ಚಿಕಿತ್ಸೆ ಎಂದು ತಿಳಿದರೆ, ಆ ಪರಿಸ್ಥಿತಿ ಯಾರು ಮಾಡಿದ್ದು ಎಂಬುದು ಚರ್ಚೆಯಿಂದಲೇ ಹೊರಗೆ ಹೋಗುತ್ತದೆ.

ಇನ್ನು ನಮ್ಮ ಮನೆಗೆ ಬರೋಣ. ತೊಗರಿ ನಮ್ಮ ಜಿಲ್ಲೆಯ ಹೆಮ್ಮೆ, 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಅದಕ್ಕೆ ನೆಟೆ ರೋಗ ಬಿದ್ದ ವರ್ಷ, ಇಲ್ಲವೇ ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೊಡೆದ ವರ್ಷ, ಒಂದು ಮನೆಯಲ್ಲಿ ಗಂಡಸು ಜೀವ ಕಳೆದುಕೊಂಡ ಅನ್ನಿ. ರೈತ ಆತ್ಮಹತ್ಯೆ ಎಂದು ತೀರ್ಮಾನವಾದರೆ ರಾಜ್ಯ ಸರ್ಕಾರ 5 ಲಕ್ಷ ಪರಿಹಾರ ಕೊಡುತ್ತದೆ. ತೀರ್ಮಾನ ಮಾಡುವುದು ಉಪವಿಭಾಗಾಧಿಕಾರಿಗಳ ಸಮಿತಿ. ಅದಕ್ಕೆ ಪಹಣಿ ಬೇಕು, ಸಾಲದ ಕಾಗದ ಬೇಕು. ಬ್ಯಾಂಕಿನ ಸಾಲಕ್ಕೆ ಕಾಗದ ಇರುತ್ತದೆ. ಬಡ್ಡಿಯವನ ಸಾಲಕ್ಕೆ, ಕೈಗಡಕ್ಕೆ, ಗೊಬ್ಬರದ ಅಂಗಡಿಯ ಉದ್ರಿಗೆ ಇರುತ್ತದೆಯೇ? ಅವನ ಹೆಂಡತಿ ನಮ್ಮೆದುರು ಬಂದು ಕೂತಾಗ ನಾವು ತರಬೇತಿಯಲ್ಲಿ ಕಲಿತಂತೆ ‘ನಿಮ್ಮ ಮನಸ್ಸಿಗೆ ಏನನ್ನಿಸುತ್ತಿದೆ ಹೇಳಿ’ ಎನ್ನುತ್ತೇವೆ. ಅವಳು ಹೇಳುವುದು:

‘ಮನಸಿಂದು ಆಮ್ಯಾಲ ನೋಡಮಿ ಅಕ್ಕೋರೆ. ಸಾಲದ ಕಾಗದ ತಗೊಂಡ್ ಬಾ ಅಂತಾರ. ಎಲ್ಲಿಂದ ತರ್ಲಿ ನಾ? ಅಂವ ಯಾರ್ ಬಲ್ಲಿ ತಗೊಂಡಿದ್ದ ನಂಗೇನ್ ಗೊತ್ತದ?’

ಇದನ್ನು ನಮ್ಮ ಪುಸ್ತಕಗಳು ದುಃಖವನ್ನು ತಪ್ಪಿಸಿಕೊಳ್ಳುವ ದಾರಿ ಎಂದು ಓದಬಹುದು. ನಾನು ಹಾಗೆ ಓದುವುದಿಲ್ಲ. ಗಂಡ ಸತ್ತ ಹೆಂಗಸಿಗೆ ಅಳಲು ಪುರಸೊತ್ತು ಬೇಕು. ಆ ಪುರಸೊತ್ತನ್ನು ಕಾಗದ ತಿಂದುಹಾಕುತ್ತಿದೆ. ಅವಳ ಜೊತೆ ಅರ್ಜಿ ತುಂಬಿಸುವುದು, ಆಕೆ ಕಚೇರಿಗೆ ಹೋಗುವ ದಿನ ಜೊತೆಗೆ ಒಬ್ಬರನ್ನು ಕಳಿಸುವುದು, ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಎಂದು ಹೇಳಿಕೊಡುವುದು, ಇವು ಚಿಕಿತ್ಸೆಯ ಹೊರಗಿನ ಸಮಾಜಸೇವೆ ಅಲ್ಲ, ಚಿಕಿತ್ಸೆಯೇ. ನನ್ನ ಕಸುಬಿನವರಲ್ಲಿ ಇದಕ್ಕೆ ಮೂಗು ಮುರಿಯುವವರಿದ್ದಾರೆ. ‘ನಾವು ತಹಶೀಲ್ದಾರರ ಗುಮಾಸ್ತರೇ?’ ಎನ್ನುತ್ತಾರೆ. ಅವರ ಮಾತಿನಲ್ಲೂ ಒಂದು ನಿಜ ಇದೆ: ಕಾಗದದ ಕೆಲಸದಲ್ಲೇ ಮುಳುಗಿದರೆ ಅವಳ ಅಳು ಮತ್ತೆ ಕೇಳದೇ ಹೋಗುತ್ತದೆ. ಅರ್ಜಿ ಮುಗಿದ ದಿನ, 5 ಲಕ್ಷ ಬಂದ ದಿನ, ಎಷ್ಟೋ ಮನೆಗಳಲ್ಲಿ ದುಃಖ ಒಮ್ಮೆಲೇ ಮೇಲೆ ಬೀಳುತ್ತದೆ. ಮೈದುನ ದುಡ್ಡಿನ ಪಾಲು ಕೇಳಲು ಬರುವುದೂ ಅದೇ ವಾರ. ಆ ದಿನ ನಾವು ಇರಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ. ಉಳಿದುಕೊಂಡ ಮನೆಯವರ ಒತ್ತಡವನ್ನೂ ಅಷ್ಟೇ ಗಟ್ಟಿಯಾಗಿ ಹೇಳುವ ಕಾನೂನು ಇದ್ದಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ದುಃಖವನ್ನು ಊರೇ ಕೂಡಿ ಹೊರುವ ದಾರಿಗಳು ನಮಗೆ ಗೊತ್ತಿಲ್ಲವೆಂದಲ್ಲ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು ಬುತ್ತಿ ತರುತ್ತಾರೆ. ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವನ ಗುಣ, ಅವನ ಎತ್ತು, ಅವನು ಬಿಟ್ಟುಹೋದ ಸಾಲ ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ರಾತ್ರಿಯಿಡೀ ಭಜನೆ. ಆ ಭಜನೆಯಲ್ಲಿ ಹಾಡುವ ತತ್ವಪದಗಳು ಈ ನೆಲದವೇ, ಕಡಕೋಳ ಮಡಿವಾಳಪ್ಪನವರ ಬಳಗದವು. ಆ ಬಳಗದಲ್ಲಿ ಚನ್ನೂರಿನ ಜಲಾಲಸಾಹೇಬರೂ ಇದ್ದರು ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ ಹಾಡುವವರಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ಹೊಲೆಯ–ಮಾದಿಗರಿದ್ದಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಸಾವಿಗೆ ಭೀಮಾ ದಂಡೆಯ ಹಳ್ಳಿಗಳು ಪ್ರತಿ ವರ್ಷ ಅಳುತ್ತವೆ. ಇಷ್ಟು ದೊಡ್ಡ ಶೋಕದ ವಿದ್ಯೆ ಕೈಯಲ್ಲಿರುವ ಜನಕ್ಕೆ ಬೆಂಗಳೂರಿನಿಂದ ಬಂದ ಕರಪತ್ರ ‘ದುಃಖದ ಐದು ಹಂತ’ ಕಲಿಸುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಹಾಗೆಂದು ಸಂಪ್ರದಾಯವೇ ಮದ್ದು ಎಂದು ಮೆರೆಸುವವರ ಗುಂಪಿಗೂ ನಾನು ಸೇರುವುದಿಲ್ಲ. ಅದೇ ಹಾಡ್ಯಾಡಿ ಅಳುವ ಹೆಂಗಸರ ನಡುವೆಯೇ ಗಂಡ ಸತ್ತವಳ ಬಳೆ ಒಡೆಯುತ್ತಾರೆ, ಕುಂಕುಮ ಅಳಿಸುತ್ತಾರೆ, ಮುಂದಿನ ಮದುವೆಯಲ್ಲಿ ಹಿಂದೆ ನಿಲ್ಲಿಸುತ್ತಾರೆ. ನಮ್ಮ ಗಡಿಗೆ ಹತ್ತಿದ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಈ ಪದ್ಧತಿಗಳೆಲ್ಲ ನಮ್ಮೂರಿನಲ್ಲಿ ಬೇಡ ಎಂದು ಠರಾವು ಮಾಡಿತು. ಕೋವಿಡ್ಡಿನಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಗಂಡಂದಿರನ್ನು ಕಳೆದುಕೊಂಡದ್ದು ಆ ಠರಾವಿನ ಹಿಂದಿತ್ತು. ನನ್ನ ದೃಷ್ಟಿಯಲ್ಲಿ ಆ ಪಂಚಾಯಿತಿಯ ಸದಸ್ಯರು ಮಾಡಿದ್ದು ಮನೋಚಿಕಿತ್ಸೆ. ಒಬ್ಬೊಬ್ಬ ಹೆಂಗಸನ್ನು ಕೂಡಿಸಿಕೊಂಡು ‘ನಿಮ್ಮನ್ನು ನೀವು ಕೀಳೆಂದು ಭಾವಿಸಬೇಡಿ’ ಎಂದು ಹತ್ತು ಸಿಟ್ಟಿಂಗ್ ಮಾಡುವುದಕ್ಕಿಂತ, ಕೀಳು ಮಾಡುವುದನ್ನೇ ಊರು ನಿಲ್ಲಿಸುವುದು ನೇರವಾದ ದಾರಿ. ಸ್ಮಶಾನದ ಮಾತೂ ಹಾಗೆಯೇ. ಹೆಣ ಹೂಳಲು ಜಾಗ ಇಲ್ಲದ ಕೇರಿಯ ಮನೆಯಲ್ಲಿ ಶೋಕ ಎಲ್ಲಿಂದ ಸುರುವಾಗಬೇಕು, ಎಲ್ಲಿ ಮುಗಿಯಬೇಕು?

ಲೆಕ್ಕಕ್ಕೆ ಬಾರದ ದುಃಖದ ಮಾತು ಎತ್ತಿದ ಮೇಲೆ, ಹಳೆಯದೊಂದನ್ನು ಬಿಟ್ಟು ಮುಂದೆ ಹೋಗಲಾರೆ. ಇದು ಕೆಲವರಿಗೆ ಇಷ್ಟವಾಗದಿರಬಹುದು. ಪ್ರತಿ ಸೆಪ್ಟೆಂಬರ್ 17ರಂದು ನಾವು ಈ ಭಾಗದ ವಿಮೋಚನೆಯ ನೆನಪಿಗೆ ಧ್ವಜ ಏರಿಸುತ್ತೇವೆ. ಏರಿಸಬೇಕಾದದ್ದೇ, ನಿಜಾಮನ ಆಳ್ವಿಕೆ ಮತ್ತು ರಜಾಕಾರರ ಹಾವಳಿ ನಮ್ಮ ಅಜ್ಜ–ಅಜ್ಜಿಯರಿಗೆ ಕತೆಯಾಗಿರಲಿಲ್ಲ, ಬೀದರ ಜಿಲ್ಲೆಯ ಗೋರಟಾದಲ್ಲಿ ಬಿದ್ದ ಹೆಣಗಳೂ ಕತೆಯಲ್ಲ. ಅದೇ 1948ರಲ್ಲಿ, ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ವಾರಗಳಲ್ಲಿ, ಈ ಭಾಗದ ಮುಸ್ಲಿಮರ ಮೇಲೆ ನಡೆದ ಹತ್ಯೆಗಳ ಬಗ್ಗೆ ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ತಂಡ ಕಳಿಸಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್, ಬೀದರ್ ಜೊತೆ ನಮ್ಮ ಗುಲಬರ್ಗಾ. ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ಒಂದು ದುಃಖಕ್ಕೆ ಸ್ಮಾರಕ, ಇನ್ನೊಂದಕ್ಕೆ ಬೀಗ. ಆ ಮನೆಗಳ ಮೂರನೇ ತಲೆಮಾರಿನ ಮಕ್ಕಳು ಈಗ ಕಲಬುರಗಿಯ ಕಾಲೇಜುಗಳಲ್ಲಿದ್ದಾರೆ. ಊರಿನಲ್ಲಿ ಸಣ್ಣ ಗಲಾಟೆಯ ಸುದ್ದಿ ಬಂದರೂ ಮನೆಯ ಆಯಿ ಟ್ರಂಕು ಕಟ್ಟಲು ಸುರು ಮಾಡುತ್ತಾಳೆ ಎಂದು ಒಬ್ಬ ಹುಡುಗಿ ಹೇಳಿದರೆ, ಅದನ್ನು ಮುಪ್ಪಿನ ಭ್ರಮೆ ಎಂದು ಬರೆದುಕೊಳ್ಳುವ ಸಮಾಲೋಚಕನಿಗೆ ತಾನಿರುವ ಜಿಲ್ಲೆಯ ಚರಿತ್ರೆಯೇ ಗೊತ್ತಿಲ್ಲ. ಗೋರಟಾದ ಮನೆಯ ಮೊಮ್ಮಗನಿಗೂ, ಈ ಹುಡುಗಿಗೂ ಒಂದೇ ಕೋಣೆಯಲ್ಲಿ ಜಾಗ ಮಾಡಿಕೊಡುವುದು ಕಷ್ಟದ ಕೆಲಸ. ಆದರೆ ನಮ್ಮ ಭಾಗದಲ್ಲಿ ಈ ಕಸುಬು ಮಾಡುವವರು ಅದನ್ನು ಕಲಿಯದೆ ಬೇರೆ ದಾರಿಯಿಲ್ಲ.

ಈಗ ಅನಿಶ್ಚಯದ ಮಾತು. ಸತ್ತದ್ದಕ್ಕೆ ಅಳಬಹುದು, ಆಗುತ್ತದೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಏನು ಮಾಡುವುದು? 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬರುತ್ತಿತ್ತು, ಮೇಲಿಂದ ಮೇಲೆ ಕಂಪನ. 11ರ ರಾತ್ರಿ 4.1 ತೀವ್ರತೆಯ ಕಂಪನ ಆದ ಮೇಲೆ ಜನ ಮನೆ ಬಿಟ್ಟು ಹೊರಗೆ ಮಲಗಿದರು, ಬಹಳಷ್ಟು ಕುಟುಂಬಗಳು ಊರನ್ನೇ ಬಿಟ್ಟವು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ನೆನಪಿರುವ ನಾಡು ಇದು, ಆಳಂದದ ಗಡಿ ದಾಟಿದರೆ ಆ ಕಡೆಯ ಊರುಗಳೇ. ಗಡಿಕೇಶ್ವರಕ್ಕೆ ಹೋಗಿ ‘ಹೆದರಬೇಡಿ, ಏನೂ ಆಗುವುದಿಲ್ಲ’ ಎನ್ನುವ ಅಧಿಕಾರ ಯಾರಿಗಿದೆ? ವಿಜ್ಞಾನಿಗಳಿಗೇ ಇಲ್ಲ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಮಾಪಕ ಇಟ್ಟಿದ್ದಾರೆ, ನಾಳೆ ಸಂಜೆ ಇದೇ ಕಟ್ಟೆಗೆ ಬಂದು ಮತ್ತೆ ಹೇಳುತ್ತೇವೆ ಎಂದು ಹೇಳಿ, ಮರುದಿನ ಸಂಜೆ ಹೇಳಿದ ಹೊತ್ತಿಗೆ ಬರುವುದು. ಹೇಳಲು ಹೊಸದೇನೂ ಇಲ್ಲದಿದ್ದರೂ ಬರುವುದು. ಭಯ ಅದರಿಂದ ಹೋಗುವುದಿಲ್ಲ. ಭಯದ ಜೊತೆಗೆ ಸೇರಿಕೊಂಡಿರುವ ‘ನಮ್ಮನ್ಯಾರು ಕೇಳ್ತಾರ’ ಎಂಬ ಇನ್ನೊಂದು ಭಾರ ಕಡಿಮೆಯಾಗುತ್ತದೆ.

ಸೊನ್ನದ ಅನಿಶ್ಚಯ ಇನ್ನೂ ಬೇರೆ ತರಹದ್ದು. ಅದು ಭೂಮಿಯೊಳಗಿನದಲ್ಲ, ಹೊಳೆಯ ಮೇಲ್ಭಾಗದ ಮಹಾರಾಷ್ಟ್ರದ್ದು. ಉಜ್ಜನಿ ಜಲಾಶಯ ತುಂಬಿ, ವೀರ್ ಜಲಾಶಯದಿಂದ, ಸೀನಾ ನದಿಯಿಂದ ನೀರು ಸೇರಿತೆಂದರೆ ಇಲ್ಲಿ ಬ್ಯಾರೇಜಿನ ಗೇಟು ಎತ್ತಲೇಬೇಕು. 2020ರ ಅಕ್ಟೋಬರಿನಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ಸ್ ಹೀಗೆ ಬಂದು ಘತ್ತರಗಿ, ಗಾಣಗಾಪುರದ ಸೇತುವೆಗಳು ಕಾಣದಾದವು. ಕೋವಿಡ್ಡಿನ ಭಯದಲ್ಲಿ ದೂರ ದೂರ ಇರಬೇಕಾದ ಜನ ಕಾಳಜಿ ಕೇಂದ್ರದ ಒಂದೇ ಕೋಣೆಯಲ್ಲಿ ಕೂತರು. ಬೇಸಿಗೆಯಲ್ಲಿ ಇದೇ ಹೊಳೆ ಬತ್ತಿ, ಉಜ್ಜನಿಯಿಂದ ಕುಡಿಯಲು ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಉಪವಾಸ ಕೂತದ್ದನ್ನೂ ನೋಡಿದ್ದೇವೆ. ನೀರು ಬಂದರೂ ಚಿಂತೆ, ಬರದಿದ್ದರೂ ಚಿಂತೆ. ಎರಡರ ಕೀಲಿಯೂ ನಮ್ಮ ಕೈಯಲ್ಲಿಲ್ಲ. ಇಂಥ ಊರಿನಲ್ಲಿ ರಾತ್ರಿ ಎರಡು ಸಲ ಎದ್ದು ಹೊಳೆಯ ಸದ್ದು ಕೇಳುವವನಿಗೆ ‘ಆತಂಕದ ಕಾಯಿಲೆ’ ಎಂದು ಬರೆಯುವ ಮೊದಲು ಆ ದಿನ ಉಜ್ಜನಿಯಿಂದ ಎಷ್ಟು ಬಿಟ್ಟಿದ್ದಾರೆ ಎಂದು ನೋಡಬೇಕು. ಭೀಮಾ ದಂಡೆಯ ಆಪ್ತಸಮಾಲೋಚಕರಿಗೆ ಕ್ಯೂಸೆಕ್ಸ್ ಗೊತ್ತಿರಬೇಕು ಎಂದು ನಾನು ನನ್ನ ಜೊತೆಯವರಿಗೆ ಹೇಳುತ್ತಿರುತ್ತೇನೆ. ಅವರು ನಗುತ್ತಾರೆ. ಮಳೆಗಾಲದಲ್ಲಿ ಮಾತ್ರ ಯಾರೂ ನಗುವುದಿಲ್ಲ.

ಹೊಳೆಯಲ್ಲಿ ಕೊಚ್ಚಿಹೋಗಿ ಹೆಣ ಸಿಗದವರ ಮನೆಯ ಸ್ಥಿತಿ ಇದರಲ್ಲೇ ಅತಿ ಕಠಿಣ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಪಾಲಿನ್ ಬಾಸ್, ಇರುವನೋ ಇಲ್ಲವೋ ತಿಳಿಯದ ಈ ನಷ್ಟ ಬೇರೆಯೇ ಬಗೆಯದು, ಇದಕ್ಕೆ ಮುಕ್ತಾಯವನ್ನು ಒತ್ತಾಯಿಸಬಾರದು ಎಂದರು. ನಮ್ಮಲ್ಲಿ ಮುಕ್ತಾಯವನ್ನು ಒತ್ತಾಯಿಸುವುದು ವೈದ್ಯರಲ್ಲ, ಕಾಗದ: ಮರಣ ಪ್ರಮಾಣಪತ್ರ ಇಲ್ಲದೆ ಪರಿಹಾರ ಇಲ್ಲ, ವಿಧವಾ ವೇತನ ಇಲ್ಲ, ಹೊಲ ಹೆಸರಿಗೆ ಆಗುವುದಿಲ್ಲ. ‘ನನ ಮಗಾ ಸತ್ತಾನ ಅಂತ ನಾ ಹ್ಯಾಂಗ ಸಹಿ ಮಾಡ್ಲಿ?’ ಎಂದು ತಾಯಿ ಕೇಳಿದರೆ, ಸಹಿ ಸರ್ಕಾರಕ್ಕೆ, ಕಾಯುವುದು ನಿಮ್ಮಿಷ್ಟ, ಎರಡೂ ಒಟ್ಟಿಗೆ ಇರಲಿ ಯವ್ವಾ ಎಂದು ಹೇಳುವ ಧೈರ್ಯ ನಮಗಿರಬೇಕು.

ಕೊನೆಗೆ, ಆರೈಕೆ ಮಾಡುವವರ ಬಗ್ಗೆ. ಇದನ್ನು ಕೊನೆಗೆ ಇಟ್ಟದ್ದು ಮುಖ್ಯವಲ್ಲವೆಂದಲ್ಲ. ಮುಂದಿನ ಸಾಲಿನಲ್ಲಿ ಕೂತ ಆಶಾ ಅಕ್ಕಂದಿರು ಹೋಗುವ ಮೊದಲು ಕೇಳಿಸಿಕೊಂಡು ಹೋಗಲಿ ಎಂದು. ದೇಶದಲ್ಲಿ ಕೋವಿಡ್ಡಿಗೆ ಮೊದಲ ಸಾವು ಕಲಬುರಗಿಯದು. ಹೊರದೇಶದಿಂದ ಬಂದಿದ್ದ 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು, 12ಕ್ಕೆ ಕಾರಣ ಖಚಿತವಾಯಿತು. ಅವರನ್ನು ನೋಡಿದ್ದ ವೈದ್ಯರಿಗೂ ಕೆಲವೇ ದಿನಗಳಲ್ಲಿ ಸೋಂಕು ತಗುಲಿತು. ಸತ್ತವರ ಮನೆಗೆ ಹೋಗಿ ಕೂರುವುದು ನಮ್ಮ ಅತಿ ಹಳೆಯ ಮದ್ದು. ಅದನ್ನೇ ಆ ವರ್ಷ ನಿಷೇಧಿಸಬೇಕಾಯಿತು. ಮೇ ತಿಂಗಳಲ್ಲಿ ಮುಂಬೈ, ಪುಣೆಗೆ ಗುಳೆ ಹೋಗಿದ್ದ ತಾಂಡಾದವರು, ಕೇರಿಯವರು ತಿರುಗಿ ಬಂದಾಗ ಅವರನ್ನು ಶಾಲೆಗಳಲ್ಲಿ ಇಟ್ಟರು. ಆ ಶಾಲೆಯ ಬಾಗಿಲಿಗೆ ದಿನಾ ಹೋದದ್ದು ಆಶಾ ಕಾರ್ಯಕರ್ತೆ. ಬೈಸಿಕೊಂಡದ್ದೂ ಅವಳೇ, ಮನೆಗೆ ಬಂದರೆ ಓಣಿಯವರು ಬಾಗಿಲು ಹಾಕಿಕೊಂಡದ್ದೂ ಅವಳಿಗೇ. ಅವಳನ್ನು ನಾವು ವೇದಿಕೆಯ ಮೇಲೆ ಕೊರೊನಾ ವಾರಿಯರ್ ಎಂದೆವು. 2025ರ ಜನವರಿಯಲ್ಲಿ ಅವಳು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ತಿಂಗಳ ಗೌರವಧನ ಹೆಚ್ಚಿಸಿ ಎಂದು ಕೂತಿದ್ದಳು.

ದಣಿದ ಆರೈಕೆದಾರರಿಗೆ ಧ್ಯಾನ ಹೇಳಿಕೊಡುವ ಶಿಬಿರಗಳು ನಡೆಯುತ್ತವೆ, ನಡೆಯಲಿ. ಆದರೆ ನೆರೆ ಬಂದಾಗ ಅವಳ ಮನೆಗೂ ನೀರು ನುಗ್ಗಿರುತ್ತದೆ, ಅವಳ ತೊಗರಿಯೂ ಹೋಗಿರುತ್ತದೆ, ಅವಳ ಜಾತಿ ಯಾವುದೆಂದು ಅವಳು ಬಾಗಿಲು ಬಡಿಯುವ ಪ್ರತಿ ಮನೆಗೂ ಗೊತ್ತಿರುತ್ತದೆ; ಯಾವ ಮನೆಯವರು ಒಳಗೆ ಕರೆಯುತ್ತಾರೆ, ಯಾರು ಕಟ್ಟೆಯ ಮೇಲೆಯೇ ಮಾತು ಮುಗಿಸುತ್ತಾರೆ ಎಂಬ ನಕ್ಷೆ ಅವಳ ತಲೆಯಲ್ಲಿದೆ. ಪಂಚನಾಮೆ ತಂಡದ ಜೊತೆ ಅವಳನ್ನು ಕಳಿಸಿ ಎಂದು ನಾನು ಕೇಳುವುದು ಇದಕ್ಕೇ. ಪಾಲಿಗೆ ಮಾಡಿದವ ಯಾರು, ಕೂಲಿ ಕಳೆದುಕೊಂಡ ಮನೆ ಯಾವುದು, ಯಾರ ಮನೆಯಲ್ಲಿ ಯಾರು ಮಾತಾಡುವುದನ್ನೇ ಬಿಟ್ಟಿದ್ದಾರೆ ಎಂದು ಅವಳು ಹೇಳಬಲ್ಲಳು. ಆ ದಿನಕ್ಕೆ ಅವಳಿಗೆ ಬೇರೆ ಭತ್ಯೆ ಕೊಡಬೇಕು, ಮತ್ತು ವಾರಕ್ಕೊಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಒಬ್ಬರು ಅವಳ ಮಾತು ಕೇಳಲು ಬರಬೇಕು, ವರದಿ ಕೇಳಲು ಅಲ್ಲ.

ಇದನ್ನು ಒಬ್ಬರು ಅಧಿಕಾರಿಗಳ ಮುಂದೆ ಹೇಳಿದಾಗ ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: ‘ಅದೆಲ್ಲ ಸರಿ, ಆದರೆ ನಮೂನೆಯಲ್ಲಿ ಅದಕ್ಕೆ ಕಲಮು ಎಲ್ಲಿದೆ?’ ಕಲಮು ಇಲ್ಲ. ಪಂಚನಾಮೆಯ ಹಾಳೆಯ ಹಿಂಬದಿ ಖಾಲಿ ಇರುತ್ತದೆ. ಈ ವರ್ಷ ಮುಂಗಾರಿಗೆ ಮೊದಲು ಸೊನ್ನ, ಘತ್ತರಗಿ, ಗಾಣಗಾಪುರದ ಪಂಚಾಯಿತಿಗಳು ಒಂದು ಠರಾವು ಮಾಡಿ, ಆ ಹಿಂಬದಿಯಲ್ಲಿ ಏನೇನು ಬರೆಯಬೇಕು, ಯಾರು ಬರೆಯಬೇಕು ಎಂದು ತಾವೇ ತೀರ್ಮಾನಿಸಬಹುದು. ಹೆರವಾಡದವರು ಯಾರ ಅಪ್ಪಣೆಗೂ ಕಾಯಲಿಲ್ಲ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಹೆಂಗಸರಿಂದ ಸುರು ಮಾಡೋಣ.